ಎಂಟರಾಗ ಹುಟ್ಟಿದಾಕಿ

ನಮ್ಮ ಮಗಳ ಬರ್ತ್‌ಡೇ ಡಿಸೆಂಬರ್ 20. ಆದ್ರೆ ಡಾಕ್ಟರು ಕೊಟ್ಟಿದ್ದ ತಾರೀಖು ಫೆಬ್ರವರಿ 14. ‘ವ್ಯಾಲೆಂಟೈನ್ಸ್ ಡೇಗೆ ಸರಿಯಾಗಿ ಪ್ಲ್ಯಾನ್ ಮಾಡಿದ್ದೀಯಲ್ಲೋ’ ಅಂತ ಆಫೀಸಿನಲ್ಲಿ ಗೆಳೆಯರು ಕಾಲೆಳೆಯುತ್ತಿದ್ದರು. ಪ್ಲ್ಯಾನು ನಮ್ಮದಾಗಿತ್ತು, ಅವಳದ್ದಲ್ಲ. 2018ರಲ್ಲಿ ಆಕೆ ಬರೋಬ್ಬರಿ ಎಂಟು ವಾರ ಮೊದಲೇ ಬಂದುಬಿಟ್ಟಳು.

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅನ್ನೋದು ನಮ್ಮ ಕಡೆ ಚರ್ಚೆಗೆ ಇಲ್ಲದ ವಿಷಯ. ಹೆಂಡತಿಯ ತವರು ಸುರಪುರ. ನನ್ನದು ಶಹಾಪುರ. ಇಬ್ಬರದ್ದೂ ನೌಕರಿ ಬೆಂಗಳೂರು. ಏಳನೇ ತಿಂಗಳಲ್ಲಿ ಸುರಪುರದಲ್ಲಿ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಐದು ಥರದ ಸಿಹಿ. ಅದಾದ ಮೇಲೆ ಅವಳು ಅಲ್ಲೇ ಉಳಿದು ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ ಮಾಡ್ತಿದ್ದಳು. ನಾನು ಬೆಂಗಳೂರಿಗೆ ವಾಪಸ್ ಬಂದೆ. ತೊಟ್ಟಿಲು, ಬಟ್ಟೆ, ಕಾರ್ ಸೀಟು ಎಲ್ಲದಕ್ಕೂ ಒಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದೆ. ಮೊದಲ ಸಾಲಿನ ಮುಂದೆ ‘ಜನವರಿ’ ಅಂತ ಬರೆದಿತ್ತು.

ಡಿಸೆಂಬರ್ 19ರ ಸಂಜೆ ಅತ್ತೆ ಫೋನ್ ಮಾಡಿದರು. ‘ನೀರು ಹೋಗ್ಯಾವಪ್ಪ. ದವಾಖಾನಿಗೆ ಬಂದೀವಿ. ನೀ ಗಾಬರಿ ಆಗಬ್ಯಾಡ’ ಅಂದರು. ಅವರ ದನಿಯಲ್ಲೇ ಗಾಬರಿ ಇತ್ತು.

ಉದ್ಯಾನ್ ಎಕ್ಸ್‌ಪ್ರೆಸ್ ಹೇಗೋ ಸಿಕ್ಕಿತು. ಜನರಲ್ ಬೋಗಿಯ ಬಾಗಿಲ ಹತ್ತಿರ ಬ್ಯಾಗಿನ ಮೇಲೆ ಕೂತು, ಸಿಗ್ನಲ್ ಬಂದಾಗೆಲ್ಲ ‘32 ವಾರದ ಮಗು’ ಅಂತ ಹುಡುಕುತ್ತಿದ್ದೆ. ಒಂದು ಪುಟ ಧೈರ್ಯ ಹೇಳಿದರೆ ಇನ್ನೊಂದು ಪುಟ ಹೆದರಿಸುತ್ತಿತ್ತು. ಗುಂತಕಲ್ ದಾಟಿದ ಮೇಲೆ ಸಿಗ್ನಲ್ ಹೋಯಿತು. ಒಂಥರಾ ಒಳ್ಳೇದೇ ಆಯಿತು.

ಅಷ್ಟರೊಳಗೆ ಅಲ್ಲಿ ಏನಾಗಿತ್ತು ಅನ್ನೋದು ನನಗೆ ಆಮೇಲೆ ಗೊತ್ತಾಗಿದ್ದು. ಸುರಪುರದಲ್ಲಿ ನರ್ಸೊಬ್ಬರು ಮೊದಲು ಮಾಡಿದ ಕೆಲಸ ಅಂದರೆ ಒಂದು ಇಂಜೆಕ್ಷನ್ ಕೊಟ್ಟಿದ್ದು. ಡೆಕ್ಸಾಮೆಥಾಸೋನ್. ಬೆಲೆಯಲ್ಲಿ ತೀರಾ ಅಗ್ಗದ ಸ್ಟೀರಾಯ್ಡ್ ಅದು. ತಾಯಿಗೆ ಕೊಟ್ಟರೆ ಹೊಟ್ಟೆಯಲ್ಲಿರೋ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಹನ್ನೆರಡು ತಾಸಿಗೊಂದರಂತೆ ನಾಲ್ಕು ಸಲ ಕೊಡಬೇಕು. ದೊಡ್ಡ ಆಸ್ಪತ್ರೆಗೆ ಕಳಿಸೋ ಮೊದಲು ಮೊದಲ ಡೋಸನ್ನು ಎಎನ್‌ಎಂಗಳೇ ಕೊಡಬಹುದು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿ 2014ರಿಂದಲೇ ಇದೆ. ನಮಗೆ ಎರಡು ಡೋಸಿನಷ್ಟು ಸಮಯ ಸಿಕ್ಕಿತು. ನಾನು ಅವತ್ತಿನ ತನಕ ಆ ಹೆಸರನ್ನೇ ಕೇಳಿರಲಿಲ್ಲ. ಆ ನರ್ಸ್ ಮುಖವನ್ನು ಇವತ್ತಿಗೂ ನೋಡಿಲ್ಲ.

ಆಮೇಲೆ 108. ಸುರಪುರದಿಂದ ಶಹಾಪುರ, ಅಲ್ಲಿಂದ ಭೀಮಾ ನದಿಯ ಸೇತುವೆ ದಾಟಿ ಯಾದಗಿರಿ. ಚಿಕ್ಕಂದಿನಿಂದ ನೂರಾರು ಸಲ ಓಡಾಡಿದ ರಸ್ತೆ. ಕಲಬುರಗಿಯಿಂದ ಬೇರೆಯಾಗಿ ಯಾದಗಿರಿ ರಾಜ್ಯದ 30ನೇ ಜಿಲ್ಲೆ ಆದಾಗ ನಾವು ಹುಡುಗರು ‘ಜಿಲ್ಲೆ ಆದ್ರೆ ಏನ್ ಸಿಗ್ತದ, ಒಂದು ಬೋರ್ಡು’ ಅಂತ ನಕ್ಕಿದ್ದೆವು. ಜಿಲ್ಲಾ ಆಸ್ಪತ್ರೆ ಅಂದರೆ ನವಜಾತ ಶಿಶುಗಳ ವಿಶೇಷ ಘಟಕ ಒಂದು ಇರುತ್ತದೆ, ಅದು ಎಂಬತ್ತು ಕಿಲೋಮೀಟರ್ ಆಚೆ ಇರೋದಕ್ಕೂ ಇಲ್ಲೇ ಇರೋದಕ್ಕೂ ಎಷ್ಟು ಫರಕು ಅಂತ ಅವತ್ತು ರಾತ್ರಿ ತಿಳಿಯಿತು.

ಬೆಳಗಿನ ಎಂಟೂವರೆ ದಾಟಿದ ಮೇಲೆ ಮಗಳು ಹುಟ್ಟಿದಳು. ಅತ್ತಳು. ಅಳು ಅನ್ನೋದಕ್ಕಿಂತ ಬೆಕ್ಕಿನ ಮರಿಯ ಕೂಗು ಅನ್ನಬೇಕು. ನರ್ಸು ಎರಡು ಸೆಕೆಂಡ್ ತೋರಿಸಿ ಒಳಗೆ ಓಡಿದರು. ನಾನು ನೋಡಿದ್ದು ಕೆಂಪು ಬಣ್ಣ ಮತ್ತು ನನ್ನ ಕಿರುಬೆರಳಿನಷ್ಟು ಅಗಲದ ಒಂದು ಪಾದ. ತೂಕ 1 ಕೆಜಿ 420 ಗ್ರಾಂ. ನನ್ನ ಲ್ಯಾಪ್‌ಟಾಪ್‌ಗಿಂತ ಕಡಿಮೆ.

ಶಹಾಪುರಕ್ಕೆ ಫೋನ್ ಮಾಡಿ ಅಜ್ಜಿಗೆ ಹೇಳಿದೆ. ‘ಹೆಣ್ಣು ಕೂಸು ಅಜ್ಜಿ’ ಅಂದೆ. ಅಜ್ಜಿ ಹೆಣ್ಣೋ ಗಂಡೋ ಅನ್ನೋದರ ಬಗ್ಗೆ ಏನೂ ಹೇಳಲಿಲ್ಲ. ‘ಎಷ್ಟರಾಗ?’ ಅಂದಳು.

‘ಎಂಟರಾಗ.’

ಆ ಕಡೆಯಿಂದ ಸದ್ದೇ ಇಲ್ಲ. ಸ್ವಲ್ಪ ಹೊತ್ತಿಗೆ ಫೋನ್ ಕಟ್ಟಾಯಿತು.

ನಮ್ಮ ಕಡೆಯವರಿಗೆ ಇದು ಅರ್ಥ ಆಗುತ್ತದೆ. ‘ಏಳರಾಗ ಹುಟ್ಟಿದ್ದು ಉಳಿತದ, ಎಂಟರಾಗ ಹುಟ್ಟಿದ್ದು ಉಳ್ಯಂಗಿಲ್ಲ’ ಅನ್ನೋ ಮಾತು ಎಲ್ಲ ಅಜ್ಜಿಯರ ಬಾಯಲ್ಲೂ ಇದೆ. ಇದು ಬರೀ ನಮ್ಮ ಅಜ್ಜಿಯರ ಮಾತೂ ಅಲ್ಲ ಅಂತ ಆಮೇಲೆ ಓದಿದೆ. ಗ್ರೀಸ್‌ನ ಹಿಪ್ಪೊಕ್ರೇಟ್ಸ್ ಹೆಸರಿನಲ್ಲಿರೋ ಹಳೇ ವೈದ್ಯ ಗ್ರಂಥಗಳಲ್ಲಿ ಎಂಟು ತಿಂಗಳ ಕೂಸಿನ ಬಗ್ಗೆ ಅಂತಲೇ ಒಂದು ಪುಸ್ತಕ ಇದೆ. ಅದೂ ಇದನ್ನೇ ಹೇಳುತ್ತದೆ. ಎರಡು ಸಾವಿರ ವರ್ಷಕ್ಕೂ ಹಳೆಯ ಮಾತು, ಮತ್ತು ಪೂರ್ತಿ ತಪ್ಪು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭವೇ. ಎಂಟರದ್ದಕ್ಕೆ ಏಳರದ್ದಕ್ಕಿಂತ ಅವಕಾಶ ಹೆಚ್ಚು. ಇದನ್ನೆಲ್ಲ ಯಾದಗಿರಿಯ ಡಾಕ್ಟರು ಎರಡು ನಿಮಿಷದಲ್ಲಿ ಬಿಡಿಸಿ ಹೇಳಿದರು. ನಾನು ಇಂಜಿನಿಯರಿಂಗ್ ಓದಿದವನು, ತಲೆ ಅಲ್ಲಾಡಿಸಿದೆ. ಆದ್ರೆ ರಾತ್ರಿ ಕಾರಿಡಾರಿನಲ್ಲಿ ಮಲಗಿದಾಗ ಕಿವಿಯಲ್ಲಿ ಕೇಳುತ್ತಿದ್ದದ್ದು ಅಜ್ಜಿಯ ಮೌನ.

ಯಾಕೆ ಹೀಗಾಯಿತು ಅಂತ ಎಲ್ಲರೂ ಒಂದೊಂದು ಕಾರಣ ಹುಡುಕಿದರು. ಬಸ್ಸಿನಲ್ಲಿ ಬಂದದ್ದಕ್ಕೆ. ಲ್ಯಾಪ್‌ಟಾಪ್ ಹಿಡಿದು ಕೂತದ್ದಕ್ಕೆ. ಕುಬಸದಲ್ಲಿ ಯಾರದೋ ದೃಷ್ಟಿ ತಾಗಿದ್ದಕ್ಕೆ. ಹೆಂಡತಿ ಯಾರಿಗೂ ಎದುರು ಮಾತಾಡಲಿಲ್ಲ. ಮೂರನೇ ದಿನ ನನ್ನ ಹತ್ತಿರ ಮೆಲ್ಲಗೆ, ‘ಪಪಾಯಿ ನಾನು ತಿಂದೇ ಇಲ್ಲ’ ಅಂದಳು. ಕೋರ್ಟಿನಲ್ಲಿ ನಿಂತವಳ ಹಾಗೆ. ಅವಧಿಗೆ ಮುಂಚಿನ ಎಷ್ಟೋ ಹೆರಿಗೆಗಳಿಗೆ ಕಾರಣವೇ ಸಿಗುವುದಿಲ್ಲ. 37 ವಾರ ತುಂಬೋ ಮೊದಲು ಹುಟ್ಟಿದರೆ ಅವಧಿಪೂರ್ವ ಅನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಅಂಥ ಮಕ್ಕಳು ಅಂದಾಜು 1 ಕೋಟಿ 34 ಲಕ್ಷ, ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದಲ್ಲೇ ಹುಟ್ಟಿದವರು. ಅಷ್ಟೂ ತಾಯಂದಿರು ಪಪಾಯಿ ತಿಂದಿರಲಿಕ್ಕಿಲ್ಲ.

ಒಳಗೆ ಘಟಕದಲ್ಲಿ ಬೇರೆಯದ್ದೇ ಲೋಕ. ಮಷಿನ್ನುಗಳ ಕೀಕ್ ಕೀಕ್ ಸದ್ದು. ನಮ್ಮವಳು ಆಗಾಗ ಉಸಿರಾಡೋದನ್ನೇ ಮರೆತುಬಿಡುತ್ತಿದ್ದಳು. ಹೌದು, ಮರೆಯೋದು. ಮೆದುಳು ಇನ್ನೂ ಬಲಿತಿರೋದಿಲ್ಲ. ಆಗ ನರ್ಸು ಬಂದು ಅಂಗಾಲಿಗೆ ಬೆರಳಲ್ಲಿ ಮೆಲ್ಲಗೆ ಚಿಟಿಕೆ ಹೊಡೆಯುತ್ತಿದ್ದರು. ಕೂಸಿಗೆ ‘ಓ, ಉಸಿರಾಡಬೇಕಲ್ಲ’ ಅಂತ ನೆನಪಾಗುತ್ತಿತ್ತು. ಅದಕ್ಕೆ ಕೊಡುತ್ತಿದ್ದ ಔಷಧಿ ಕೆಫೀನ್. ನಾವು ಆಫೀಸಿನಲ್ಲಿ ದಿನಕ್ಕೆ ನಾಲ್ಕು ಕಪ್ ಇಳಿಸೋ ಕಾಫಿಯಲ್ಲಿರೋದೇ. ಹುಟ್ಟಿದ ವಾರದಲ್ಲೇ ಕೆಫೀನ್ ಮೇಲೆ ಬದುಕೋದು ಕಲಿತಳು, ಐಟಿ ದಂಪತಿಯ ಮಗಳು.

ಮೊದಲ ವಾರ ತೂಕ ಏರೋದು ಬಿಟ್ಟು ಇಳಿಯಿತು. 1280. ಇಂಥ ಮಕ್ಕಳಲ್ಲಿ ಇದು ಮಾಮೂಲು ಅಂತ ಡಾಕ್ಟರು ಹೇಳಿದರೂ ಆ ಸಂಖ್ಯೆ ಎದೆಗೆ ಒದ್ದಂತಾಯಿತು. ಚೀಪೋದು, ನುಂಗೋದು, ಉಸಿರಾಡೋದು ಮೂರನ್ನೂ ಒಟ್ಟಿಗೆ ಮಾಡೋ ಚಾಕಚಕ್ಯತೆ 34 ವಾರದ ಹೊತ್ತಿಗೆ ಬರುತ್ತದಂತೆ. ಅಲ್ಲಿ ತನಕ ಮೊದಲು ನಳಿಗೆ, ಆಮೇಲೆ ಸ್ಟೀಲಿನ ಚುಂಚು ಇರೋ ಪುಟ್ಟ ಬಟ್ಟಲು. ಅವರು ಅದನ್ನು ‘ಪಲ್ಲಾಡೈ’ ಅಂದರು. ಅತ್ತೆ ನೋಡಿದ ಕೂಡಲೇ ‘ಇದು ನಮ್ಮ ಒಳಲೆನೇ ಅದಲ್ಲ’ ಅಂದರು. ಅವತ್ತು ಮೊದಲ ಸಲ ಅವರ ಮುಖದಲ್ಲಿ ಸ್ವಲ್ಪ ಗೆಲುವು ಕಂಡಿತು.

ಸಂಬಂಧಿಕರ ಫೋನುಗಳು ಶುರುವಾದವು. ‘ಬೆಂಗಳೂರಿಗೆ ಒಯ್ರಿ.’ ‘ಹೈದರಾಬಾದ್ ಸನೀಪ ಆಗ್ತದ.’ ‘ರೊಕ್ಕಕ್ಕ ನೋಡಬ್ಯಾಡ್ರಿ.’ ನನಗೂ ಅದೇ ಅನ್ನಿಸುತ್ತಿತ್ತು. ಬೆಂಗಳೂರಿನಲ್ಲಿ ಮನೆಯಿಂದ ಹತ್ತು ನಿಮಿಷಕ್ಕೆ ಮೂರು ದೊಡ್ಡ ಆಸ್ಪತ್ರೆ ಇರುವಾಗ ಮಗಳನ್ನು ಇಲ್ಲಿ ಇಟ್ಟಿದ್ದೇನಲ್ಲ ಅಂತ. ಡಾಕ್ಟರ ಹತ್ತಿರ ಹೋಗಿ ಕೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ‘ವೆಂಟಿಲೇಟರ್ ಬೇಕಾದ್ರ ನಾನೇ ಕಳಸ್ತಿದ್ದೆ. ಈಗ ಈ ಕೂಸಿಗೆ ಬೇಕಾಗಿದ್ದು ಮೂರೇ. ಹಾಲು, ಸ್ವಚ್ಛ ಕೈ, ಕಾವು. ಚಳ್ಯಾಗ ಅಷ್ಟು ದೂರ ಒಯ್ಯೋದ್ರಾಗ ಮೂರೂ ತಪ್ತಾವ’ ಅಂದರು.

ಕಾವು. ಈ ಶಬ್ದವನ್ನು ನಾನು ಕೋಳಿಯ ವಿಷಯ ಬಿಟ್ಟರೆ ಬೇರೆಲ್ಲೂ ಬಳಸಿರಲಿಲ್ಲ. ಇಷ್ಟು ಚಿಕ್ಕ ಕೂಸಿಗೆ ಚರ್ಮದ ಕೆಳಗೆ ಕೊಬ್ಬೇ ಇರೋದಿಲ್ಲ. ಮೈ ಬೇಗ ತಣ್ಣಗಾಗುತ್ತದೆ. ತಣ್ಣಗಾದರೆ ಕುಡಿದ ಹಾಲೆಲ್ಲ ಮೈ ಬಿಸಿ ಮಾಡಿಕೊಳ್ಳೋದಕ್ಕೇ ಖರ್ಚು, ಬೆಳೆಯೋದಕ್ಕೆ ಉಳಿಯೋದಿಲ್ಲ. ಮೈಯ ಶಾಖ 36.5 ಡಿಗ್ರಿಗಿಂತ ಇಳಿಯಬಾರದು. ನಮ್ಮ ಭಾಷೆಯಲ್ಲಿ ಕಾಯೋದು ಅಂದರೆ ದಾರಿ ನೋಡೋದು, ಕಾವಲಿರೋದು, ಬಿಸಿಯಾಗೋದು ಮೂರೂ ಹೌದು. ಆ ಒಂದು ತಿಂಗಳು ನಾವು ಮಾಡಿದ್ದೂ ಈ ಮೂರೇ.

ಹತ್ತನೇ ದಿನ ನರ್ಸು ಹೆಂಡತಿಗೆ ಕುಪ್ಪಸದ ಗುಂಡಿ ಬಿಚ್ಚಿ ಒರಗಿ ಕೂರೋಕೆ ಹೇಳಿದರು. ಟೊಪ್ಪಿಗೆ, ಕಾಲುಚೀಲ, ಡೈಪರ್ ಇಷ್ಟೇ ಹಾಕಿದ ಕೂಸನ್ನು ಎದೆಗೆ ಎದೆ ತಾಗೋ ಹಾಗೆ ನೆಟ್ಟಗೆ ಇಟ್ಟು, ಮೇಲೆ ಬಟ್ಟೆ ಬಿಗಿದರು. ಕಾಂಗರೂ ಆರೈಕೆ. ಮೊದಮೊದಲು ಹೆಂಡತಿ ಉಸಿರು ಬಿಗಿ ಹಿಡಿದು ಕೂತಿದ್ದಳು. ಎಲ್ಲಿ ಮುರಿದುಹೋಗುತ್ತೋ ಅನ್ನೋ ಭಯ. ಅರ್ಧ ತಾಸಾದ ಮೇಲೆ ನನ್ನ ಕಡೆ ತಿರುಗಿ, ‘ಇವಳ ಉಸಿರು ನನಗ ಗೊತ್ತಾಗ್ಲಾಕತ್ತದ’ ಅಂದಳು. ಹುಟ್ಟಿ ಹತ್ತು ದಿನಕ್ಕೆ ಅವಳು ತಾಯಿಯಾಗಿದ್ದು ಆ ಕ್ಷಣ.

ದಿನಕ್ಕೆ ಎಂಟು ತಾಸಾದರೂ ಇಡಬೇಕು, ಹೆಚ್ಚಾದಷ್ಟೂ ಒಳ್ಳೇದು. ಬಾಣಂತಿ ಒಬ್ಬಳೇ ಎಷ್ಟು ಕೂತಾಳು? ನರ್ಸು ನನ್ನ ಮುಖ ನೋಡಿದರು. ‘ನೀವೂ ಅಂಗಿ ಬಿಚ್ಚಿ ಕುಂದರ್ರಿ. ಅಪ್ಪನ ಮೈಯಾಗೂ ಬಿಸಿ ಇರ್ತದ.’ ಹೆಣ್ಣುಮಕ್ಕಳ ವಾರ್ಡು ಅಂತ ಒಂದು ಮೂಲೆಗೆ ಪರದೆ ಕಟ್ಟಿ ಕುರ್ಚಿ ಹಾಕಿಕೊಟ್ಟರು. ಹೊರಗೆ ಕೂತಿದ್ದ ಹಳ್ಳಿ ಗಂಡಸರು ಎರಡು ದಿನ ಕದ್ದು ನೋಡಿ ನಕ್ಕರು. ಮೂರನೇ ದಿನ ಅವರಲ್ಲಿ ಒಬ್ಬ ಬಂದು, ‘ಅಣ್ಣಾ, ಹೆಂಗ ಹಿಡಿಯೋದು ತೋರಸ್ರಿ’ ಅಂದ. ಅವನದ್ದು ಅವಳಿ ಮಕ್ಕಳು.

ಈ ಪದ್ಧತಿ ಹುಟ್ಟಿದ್ದು ಶ್ರೀಮಂತ ದೇಶದಲ್ಲಲ್ಲ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರುಗಳು ಸಾಲದೆ, ಒಂದರಲ್ಲೇ ಎರಡು ಮೂರು ಮಕ್ಕಳನ್ನು ಮಲಗಿಸಿ ಸೋಂಕು ಹರಡುತ್ತಿದ್ದಾಗ, ಎಡ್ಗರ್ ರೇ ಅನ್ನೋ ಡಾಕ್ಟರು ತಾಯಂದಿರ ಎದೆಯನ್ನೇ ಇನ್‌ಕ್ಯುಬೇಟರ್ ಮಾಡಿದರು. ನಮ್ಮ ಕಡೆಯ ಕೊಪ್ಪಳ ಜಿಲ್ಲೆಯಲ್ಲೇ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ, ಎರಡು ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ ಇದನ್ನು ಇಡೀ ಜಿಲ್ಲೆಗೆ ತಲುಪಿಸೋದು ಹೇಗೆ ಅಂತ ಮಾಡಿ ತೋರಿಸಿದ್ದಾರೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕೂಸಿನ ಸ್ಥಿತಿ ಸುಧಾರಿಸೋ ತನಕ ಕಾಯದೆ ಹುಟ್ಟಿದ ಕೂಡಲೇ ಎದೆಗೆ ಹಾಕಿಕೊಂಡರೆ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯುತ್ತದೆ ಅಂತ ಅದು ಹೇಳಿತು. ಫಲಿತಾಂಶ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು.

ನನ್ನ ರಜೆ ಹದಿನೈದನೇ ದಿನಕ್ಕೇ ಮುಗಿದಿತ್ತು. ಖಾಸಗಿ ಕಂಪನಿಯ ಗಂಡಸಿಗೆ ಪಿತೃತ್ವ ರಜೆ ಕೊಡಬೇಕು ಅನ್ನೋ ಕಾನೂನು ನಮ್ಮಲ್ಲಿಲ್ಲ, ಕೊಟ್ಟಷ್ಟು ಪುಣ್ಯ. ಹೆಂಡತಿಯ ಕಂಪನಿಯ ಎಚ್‌ಆರ್‌ಗೆ ಗೊತ್ತಿಲ್ಲದ ಒಂದು ವಿಷಯವನ್ನು ನಾನು ಪರದೆಯ ಹಿಂದೆ ಕೂಸನ್ನು ಎದೆ ಮೇಲಿಟ್ಟುಕೊಂಡೇ ಫೋನಿನಲ್ಲಿ ಓದಿ ಕಂಡುಹಿಡಿದೆ. ನೀವೂ ತಿಳಿದಿಟ್ಟುಕೊಳ್ಳಿ. ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಯ 10ನೇ ಕಲಮಿನ ಪ್ರಕಾರ, ಅವಧಿಪೂರ್ವ ಹೆರಿಗೆಯಿಂದ ತಾಯಿಯ ಆರೋಗ್ಯ ಕೆಟ್ಟರೆ, 26 ವಾರದ ರಜೆಯ ಮೇಲೆ ಇನ್ನೂ ಒಂದು ತಿಂಗಳ ತನಕ ಸಂಬಳ ಸಹಿತ ರಜೆ ಕೇಳಬಹುದಿತ್ತು. ಸರ್ಟಿಫಿಕೇಟ್ ಕೊಟ್ಟ ಮೇಲೆ ಅವಳಿಗೆ ಸಿಕ್ಕಿತು.

ಇನ್ನೊಂದು ವಿಷಯ, ಕಣ್ಣು. ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಅಕ್ಷಿಪಟಲದಲ್ಲಿ (ರೆಟಿನಾ) ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡಾಗೋ ಅಪಾಯ ಇರುತ್ತದೆ. ಹೊರಗಿನಿಂದ ಏನೂ ಕಾಣೋದಿಲ್ಲ. ಎರಡು ಕೆಜಿಯೊಳಗಿನ ಮಕ್ಕಳಿಗೆ ಮೂವತ್ತು ದಿನದೊಳಗೆ ಪರೀಕ್ಷೆ ಆಗಲೇಬೇಕು. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಮಾದರಿ. ನಾರಾಯಣ ನೇತ್ರಾಲಯದ ‘ಕಿಡ್‌ರಾಪ್’ ತಂಡ 2008ರಿಂದ ಊರೂರಿಗೆ ಕ್ಯಾಮೆರಾ ಒಯ್ದು, ಕೂಸಿನ ಕಣ್ಣಿನ ಚಿತ್ರ ತೆಗೆದು, ದೂರದ ತಜ್ಞರಿಗೆ ಇಂಟರ್ನೆಟ್ಟಿನಲ್ಲಿ ಕಳಿಸಿ ತೋರಿಸುತ್ತಿದೆ. ನಮ್ಮವಳ ಪರೀಕ್ಷೆ ಇಪ್ಪತ್ತೈದನೇ ದಿನ ಆಯಿತು. ಕಣ್ಣು ಸರಿ ಇದ್ದವು.

ಹದಿನಾಲ್ಕನೇ ದಿನಕ್ಕೆ ತೂಕ ಹುಟ್ಟಿದಾಗಿನಷ್ಟಕ್ಕೆ ಬಂತು. ಆಮೇಲೆ ದಿನಕ್ಕೆ ಇಪ್ಪತ್ತು ಗ್ರಾಂ, ಒಂದು ದಿನ ಐದು, ಒಂದು ದಿನ ಮೂವತ್ತು. ಆ ಮೂವತ್ತಕ್ಕೆ ನಾನು ಸ್ಟೇಷನ್ ರೋಡಿನಿಂದ ಜಿಲೇಬಿ ತಂದು ವಾರ್ಡಿಗೆಲ್ಲ ಹಂಚಿದೆ. ಜನವರಿ 20ಕ್ಕೆ, ಮೂವತ್ತೊಂದನೇ ದಿನ, 1 ಕೆಜಿ 740 ಗ್ರಾಂ ಇದ್ದಾಗ ಬಿಡುಗಡೆ. ಅಷ್ಟೂ ದಿನದ ಚಿಕಿತ್ಸೆಗೆ ನಾವು ಕಟ್ಟಿದ್ದು ಸೊನ್ನೆ. ಸರ್ಕಾರಿ ಆಸ್ಪತ್ರೆಯ ಕೂಸುಗಳಿಗೆ 2011ರಿಂದ ಹಾಗೇ ಇದೆ.

‘ನಗು-ಮಗು’ ವಾಹನದಲ್ಲಿ ವಾಪಸ್ ಹೊರಟೆವು. ಹೆಂಡತಿಯ ಸೆರಗಿನೊಳಗೆ ಮಗಳು. ಭೀಮಾ ದಾಟಿದೆವು. ಹೊಲಗಳಲ್ಲಿ ತೊಗರಿ ಕಟಾವು ಮುಗಿದಿತ್ತು, ಅಲ್ಲಲ್ಲಿ ಹತ್ತಿ ಇನ್ನೂ ಬಿಳಿ ಇತ್ತು. ಶಹಾಪುರ ಹತ್ತಿರ ಬಂದಂತೆ ಮಲಗಿದ ಬುದ್ಧನ ಗುಡ್ಡ ಕಂಡಿತು. ಆ ರಾತ್ರಿ ಕತ್ತಲಲ್ಲಿ ಅವಳು ಇದೇ ಗುಡ್ಡದ ಪಕ್ಕದಲ್ಲಿ ಹಾದುಹೋಗಿದ್ದಳು, ನೋಡಿರಲಿಲ್ಲ.

ಸುರಪುರಕ್ಕೆ ಹೋಗೋ ಮೊದಲು ಶಹಾಪುರದ ಮನೆ ಮುಂದೆ ಐದು ನಿಮಿಷ ನಿಲ್ಲಿಸಿದೆವು. ಅಜ್ಜಿ ಒಂದು ತಿಂಗಳಲ್ಲಿ ಒಂದು ಸಲವೂ ಯಾದಗಿರಿಗೆ ಬಂದಿರಲಿಲ್ಲ. ನನಗೆ ಒಳಗೊಳಗೆ ಸಿಟ್ಟಿತ್ತು. ಮೂಢನಂಬಿಕೆಗೆ ಮೊಮ್ಮಗನ ಕೂಸನ್ನೇ ನೋಡದೆ ಕೂತಳಲ್ಲ ಅಂತ.

ಅಜ್ಜಿ ಕೂಸನ್ನು ನೋಡಿದಳು. ಮುಟ್ಟಲಿಲ್ಲ. ‘ಹಿಂಗ ಎದಿ ಮ್ಯಾಲೇ ಇಟ್ಕೊಂಡಿದ್ರೇನು?’ ಅಂತ ಹೆಂಡತಿಯನ್ನು ಕೇಳಿದಳು. ಹೌದು ಅಂದೆವು. ಹಗಲೂ ರಾತ್ರಿ, ನಾನೂ ಇಟ್ಕೊಂಡಿದ್ದೆ ಅಂದೆ.

ಆಗ ಅಜ್ಜಿ ಹೇಳಿದಳು. ನಮ್ಮಪ್ಪ ಹುಟ್ಟೋದಕ್ಕೆ ಮೊದಲು ಒಂದು ಹೆಣ್ಣು ಕೂಸು ಇತ್ತು. ಎಂಟರಾಗ ಹುಟ್ಟಿದ್ದು. ಇಂಥದ್ದೇ ಚಳಿ. ಮೊರದಲ್ಲಿ ಅರಳೆ ಹಾಸಿ, ಅದರಲ್ಲಿ ಮಲಗಿಸಿ, ಪಕ್ಕದಲ್ಲಿ ಕೆಂಡ ಇಟ್ಟಿದ್ದರಂತೆ. ‘ಸೂಲಗಿತ್ತಿ ಮುಟ್ಟಬ್ಯಾಡ ಅಂದಿದ್ಳು. ಹಸಿ ಮೈ, ಮುಟ್ಟಿದ್ರ ಕಂದ್ತದ ಅಂತ. ನಾ ಮುಟ್ಟಲಿಲ್ಲ. ಮೂರು ದಿನ ಬಾಜೂಕ ಕುಂತು ನೋಡ್ಕೋತ ಇದ್ದೆ.’

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎತ್ತಿ ಎದಿ ಮ್ಯಾಲ ಹಾಕ್ಕೊಂಡಿದ್ರ ಉಳಿತಿತ್ತೇನೋ?’ ಅಂದಳು.

ನನ್ನ ಹತ್ತಿರ ಅಷ್ಟೂ ಅಂಕಿಅಂಶ ಇತ್ತು. ಬೊಗೋಟಾ ಗೊತ್ತಿತ್ತು, ಕೊಪ್ಪಳ ಗೊತ್ತಿತ್ತು. ‘ಆಗ ಯಾರಿಗೂ ಗೊತ್ತಿದ್ದಿಲ್ಲ ಅಜ್ಜಿ’ ಅಂದೆ. ಅದು ನಿಜ. ಆದ್ರೆ ಅವಳು ಕೇಳಿದ್ದಕ್ಕೆ ಅದು ಉತ್ತರ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಹೆಂಡತಿ ಏನೂ ಮಾತಾಡಲಿಲ್ಲ. ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಕೈ ತೊಳೆಸಿದಳು. ಮಗಳನ್ನು ಬಿಚ್ಚಿ ಅಜ್ಜಿಯ ಎದೆಗೆ ಇಟ್ಟು, ಅಜ್ಜಿಯ ಹಳೇ ಇಳಕಲ್ ಸೀರೆಯ ಸೆರಗನ್ನೇ ಸುತ್ತಿ ಕಟ್ಟಿದಳು. ಐದು ನಿಮಿಷಕ್ಕೆ ಅಂತ ನಿಲ್ಲಿಸಿದ್ದ ವಾಹನ ಮುಕ್ಕಾಲು ತಾಸು ನಿಂತಿತು. ಡ್ರೈವರ್ ಹಾರ್ನ್ ಹೊಡೆಯಲಿಲ್ಲ.

ನಿಮ್ಮ ಗೆಳೆಯರ ಮನೆಯಲ್ಲೋ ಟೀಮಿನಲ್ಲೋ ಯಾರಿಗಾದರೂ ಹೀಗೆ ಬೇಗ ಮಗು ಹುಟ್ಟಿದರೆ ‘ಯಾಕಂತೆ’ ಅಂತ ಕೇಳಬೇಡಿ. ಊಟ ಕಳಿಸಿ. ಅಪ್ಪನ ಕೆಲಸವನ್ನು ಒಂದು ವಾರ ನೀವು ಮಾಡಿ, ಅವನು ಅಂಗಿ ಬಿಚ್ಚಿ ಕೂತಿರಲಿ. ಮಗುವಿನ ಕಣ್ಣಿನ ಪರೀಕ್ಷೆ ಆಯಿತಾ ಅಂತ ಒಂದು ಮಾತು ಕೇಳಿ. ‘ಇನ್ನೂ ಕೂತಿಲ್ವಾ, ನಡೆದಿಲ್ವಾ’ ಅನ್ನಬೇಡಿ. ಇಂಥ ಮಕ್ಕಳ ವಯಸ್ಸನ್ನು ಎರಡು ವರ್ಷದ ತನಕ ಹುಟ್ಟಬೇಕಾಗಿದ್ದ ದಿನದಿಂದ ಲೆಕ್ಕ ಹಾಕಬೇಕು.

ಈಗ ಮಗಳಿಗೆ ಆರು ದಾಟಿದೆ. ಊರಿಗೆ ಹೋದರೆ ಓಣಿಯಲ್ಲೆಲ್ಲ ಅವಳದ್ದೇ ಓಟ. ಅಜ್ಜಿ ಕಟ್ಟೆಯ ಮೇಲೆ ಕೂತು, ದಾರಿಯಲ್ಲಿ ಹೋಗೋ ಬರೋರನ್ನೆಲ್ಲ ತಡೆದು ನಿಲ್ಲಿಸಿ ತೋರಿಸುತ್ತಾಳೆ.

‘ನೋಡ್ರಿ, ಎಂಟರಾಗ ಹುಟ್ಟಿದಾಕಿ.’